ಮೊದಲೇ ಹೇಳಿದ್ದರೆ ಅವಳು ಬಿಟ್ಟು ಹೋಗುತ್ತಿರಲಿಲ್ಲ

ತುಮಕೂರಿನ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನಾನು ಸಹಾಯಕ ಗ್ರಂಥಪಾಲಕಿ. ನಮ್ಮಲ್ಲಿ ಓದುತ್ತಲೇ ಕೆಲಸ ಮಾಡುವ ಎಂಟು ಹತ್ತು ವಿದ್ಯಾರ್ಥಿಗಳು ಇರುತ್ತಾರೆ. ದಿನಕ್ಕೆ ಎರಡು ಗಂಟೆ ಕೆಲಸ. ತಿಂಗಳ ಕೊನೆಗೆ ಗಂಟೆ ಲೆಕ್ಕದಲ್ಲಿ ಹಣ. ಅವರನ್ನು ನೋಡಿಕೊಳ್ಳುವ ಜವಾಬ್ದಾರಿ ನನ್ನದು.

ಮೊದಲ ವರ್ಷ ನಾನು ಅವರಿಗೆ ಏನೂ ಹೇಳಿರಲಿಲ್ಲ. ರ‍್ಯಾಕ್ ತೋರಿಸಿದೆ, ಟ್ರಾಲಿ ತೋರಿಸಿದೆ, ರಿಜಿಸ್ಟರಿನಲ್ಲಿ ಸಹಿ ಹಾಕಿ ಅಂದೆ, ಅಷ್ಟೇ. ಉಳಿದದ್ದು ತಾನಾಗಿ ಗೊತ್ತಾಗುತ್ತದೆ ಅಂದುಕೊಂಡಿದ್ದೆ.

ಆ ಬ್ಯಾಚಿನಲ್ಲಿ ಕೊರಟಗೆರೆ ಕಡೆಯ ಒಬ್ಬ ಹುಡುಗಿ ಇದ್ದಳು. ಬೆಳಿಗ್ಗೆ ಎಂಟೂವರೆ ಪಾಳಿ. ದಿನಾ ಹದಿನೈದು ಇಪ್ಪತ್ತು ನಿಮಿಷ ತಡ. ನಾಲ್ಕನೇ ದಿನ ಕೌಂಟರ್ ಮುಂದೆ, ಪುಸ್ತಕ ತಗೊಳ್ಳೋಕೆ ನಿಂತವರೆಲ್ಲರ ಎದುರಿಗೇ ಕೇಳಿಬಿಟ್ಟೆ: "ಏನಮ್ಮಾ, ಇದೇನು ಛತ್ರ ಅಂದ್ಕೊಂಡಿದ್ದೀಯಾ?" ಅವಳು ತಲೆ ತಗ್ಗಿಸಿ ಕೆಲಸ ಮುಗಿಸಿ ಹೋದಳು. ಸೋಮವಾರ ಬರಲಿಲ್ಲ. ಮಂಗಳವಾರವೂ ಇಲ್ಲ. ಅವಳ ಗೆಳತಿಯನ್ನು ಕೇಳಿದಾಗ ವಿಷಯ ಗೊತ್ತಾಯಿತು. ಊರಿಂದ ಕೊರಟಗೆರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಎಷ್ಟು ಬೇಗ ಹೊರಟರೂ ಎಂಟೂವರೆಗೆ ಮುಟ್ಟೋಕೆ ಆಗೋದೇ ಇಲ್ಲ. "ಹಾಗಿದ್ದರೆ ಒಂಬತ್ತಕ್ಕೆ ಹಾಕಿ ಅಂತ ಕೇಳಬಹುದಿತ್ತಲ್ವಾ?" ಅಂದೆ. "ಕೇಳಬಹುದು ಅಂತ ಅವಳಿಗೆ ಗೊತ್ತಿರಲಿಲ್ಲ ಮೇಡಂ" ಅಂದಳು.

ಆ ಮಾತು ನನ್ನನ್ನು ತುಂಬಾ ದಿನ ಕಾಡಿತು. ಅವಳ ಮನೆಯಲ್ಲಿ ಸಂಬಳದ ಕೆಲಸಕ್ಕೆ ಹೋದವರು ಯಾರೂ ಇಲ್ಲ. ಪಾಳಿ ಬದಲಾಯಿಸಿ ಅಂತ ಕೇಳುವುದು ತಪ್ಪಲ್ಲ ಅಂತ ಅವಳಿಗೆ ಯಾರು ಹೇಳಬೇಕಿತ್ತು? ನಾನೇ ತಾನೆ. ಫೋನ್ ಮಾಡಿದೆ. "ಬರ್ತೀನಿ ಮೇಡಂ" ಅಂದಳು. ಬರಲಿಲ್ಲ.

ಆ ವಾರವೇ ಕೂತು ಬರೆಯೋಕೆ ಶುರು ಮಾಡಿದೆ. ಕೆಲಸಕ್ಕೆ ಸೇರುವ ವಿದ್ಯಾರ್ಥಿಯಿಂದ ನಮಗೆ ಏನು ಬೇಕು ಅಂತ ಒಂದು ಹಾಳೆ. ಮೊದಲ ಸಲ ಬರೆದದ್ದರಲ್ಲಿ ಇಪ್ಪತ್ತೆರಡು ಸಾಲು. ಎಲ್ಲವೂ 'ಕೂಡದು' ಅಂತ ಮುಗಿಯುತ್ತಿದ್ದವು. ನಮ್ಮ ಹಳೆಯ ಅಟೆಂಡರ್ ಓದಿ, "ಮೇಡಂ, ಇದನ್ನು ನೋಡಿದರೆ ಮಕ್ಕಳು ಹೆದರಿಕೊಳ್ತಾರೆ" ಅಂದರು. ಸರಿ ಅನ್ನಿಸಿತು. ಮತ್ತೆ ಬರೆದೆ. ಈ ಸಲ ಒಂದೊಂದು ಸಾಲಿನ ಪಕ್ಕದಲ್ಲೂ ಅದು ಯಾಕೆ ಅಂತ ಬರೆದೆ. ಕಾರಣ ಬರೆಯೋಕೆ ಆಗದ ನಿಯಮಗಳನ್ನು ಹೊಡೆದು ಹಾಕಿದೆ. 'ಹಿರಿಯ ಸಿಬ್ಬಂದಿ ಬಂದಾಗ ಎದ್ದು ನಿಲ್ಲಬೇಕು' ಅನ್ನುವುದು ಹಾಗೇ ಹೋಯಿತು. ಒಂಬತ್ತು ಸಾಲು ಉಳಿದವು.

ಹೊತ್ತಿನ ವಿಷಯವನ್ನು ಹೀಗೆ ಬರೆದಿದ್ದೇನೆ: ಬಸ್ ಕೆಟ್ಟರೆ, ರೈಲು ತಡವಾದರೆ ಅದು ನಿನ್ನ ತಪ್ಪಲ್ಲ. ಆದರೆ ಪಾಳಿ ಶುರುವಾಗುವ ಮೊದಲು ನನಗೆ ಫೋನ್ ಮಾಡು, ಇಲ್ಲವೇ ಮೆಸೇಜ್ ಹಾಕು. ಸ್ನೇಹಿತರ ಕೈಲಿ ಹೇಳಿ ಕಳಿಸಬೇಡ, ಆ ಮಾತು ದಾರಿಯಲ್ಲೇ ಉಳಿದುಬಿಡುತ್ತದೆ. ಗುಬ್ಬಿ, ತಿಪಟೂರು ಕಡೆಯ ಮಕ್ಕಳು ರೈಲಿಗೆ ಬರುತ್ತಾರೆ. ಪಾವಗಡದ ಮಕ್ಕಳು ಹಾಸ್ಟೆಲಿನಲ್ಲಿದ್ದು ವಾರದ ಕೊನೆಗೆ ಊರಿಗೆ ಹೋಗುತ್ತಾರೆ, ಅವರಿಗೆ ಶನಿವಾರದ ಪಾಳಿ ಹಾಕುವುದಿಲ್ಲ. ಶಿವರಾತ್ರಿ ಹೊತ್ತಿನ ಸಿದ್ಧಗಂಗೆ ಜಾತ್ರೆಗೆ ಸುಮಾರು ಜನ ರಜೆ ಕೇಳುತ್ತಾರೆ. ಕೇಳಲಿ, ಒಂದು ವಾರ ಮುಂಚೆ ಕೇಳಿದರೆ ಸಾಕು. ಪರೀಕ್ಷೆ ವೇಳಾಪಟ್ಟಿ ಬಂದ ದಿನವೇ ನನಗೆ ಒಂದು ಪ್ರತಿ ಕೊಡಬೇಕು. ಆ ದಿನಗಳಲ್ಲಿ ಅವರ ಗಂಟೆ ಕಡಿಮೆ ಮಾಡುತ್ತೇನೆ. ಅವರು ಮೊದಲು ವಿದ್ಯಾರ್ಥಿಗಳು, ಆಮೇಲೆ ನಮ್ಮ ಕೆಲಸದವರು.

ಪುಸ್ತಕ ಜೋಡಿಸುವ ಕೆಲಸಕ್ಕೆ ನಾನು ಜಾಸ್ತಿ ಹೊತ್ತು ಕೊಡುತ್ತೇನೆ. ಹೊರಗಿನವರಿಗೆ ಇದು ಸುಲಭದ ಕೆಲಸ ಅನ್ನಿಸುತ್ತದೆ. ಆದರೆ ತಪ್ಪು ಜಾಗದಲ್ಲಿಟ್ಟ ಪುಸ್ತಕವೂ ಕಳೆದುಹೋದ ಪುಸ್ತಕವೂ ಓದುಗರಿಗೆ ಒಂದೇ. ಕಂಪ್ಯೂಟರ್ ಇದೆ ಅನ್ನುತ್ತದೆ, ರ‍್ಯಾಕಿನಲ್ಲಿ ಇರುವುದಿಲ್ಲ. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಹೇಳಿದರು. ಅದರಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಅನ್ನುವುದು. ಮೊದಲ ದಿನ ಮಕ್ಕಳಿಗೆ ನಾನು ಹೇಳುವುದು ಈ ಒಂದು ಸೂತ್ರ ಮಾತ್ರ.

ನಮ್ಮಲ್ಲಿ ಡ್ಯೂಯಿ ದಶಮಾಂಶ ಪದ್ಧತಿ. ಅಂದರೆ ವಿಷಯಕ್ಕೆ ತಕ್ಕಂತೆ ಪುಸ್ತಕದ ಬೆನ್ನ ಮೇಲೆ ಹಾಕಿದ ಸಂಖ್ಯೆ ನೋಡಿ ಇಡಬೇಕು. ಹೊಸಬರು ಹೆಚ್ಚಾಗಿ ತಪ್ಪುವುದು ಚುಕ್ಕಿಯ ನಂತರದ ಅಂಕಿಯಲ್ಲಿ. 330.9 ಮೊದಲು ಇಡುತ್ತಾರೆ, 330.12 ಆಮೇಲೆ. ಹನ್ನೆರಡು ಒಂಬತ್ತಕ್ಕಿಂತ ದೊಡ್ಡದಲ್ವಾ ಅನ್ನುವ ಲೆಕ್ಕ. ಎಷ್ಟು ವಿವರಿಸಿದರೂ ಮತ್ತೆ ಅದೇ. ಒಂದು ದಿನ ಹುಣಸೆ ವ್ಯಾಪಾರದ ಮನೆಯ ಹುಡುಗನೊಬ್ಬನನ್ನು ಕೇಳಿದೆ: "ತಕ್ಕಡಿಯಲ್ಲಿ 1.12 ಕೆಜಿ ಜಾಸ್ತಿನೋ, 1.9 ಕೆಜಿ ಜಾಸ್ತಿನೋ?" ಅವನು ಥಟ್ಟನೆ "1.9" ಅಂದ. ಹಾಗಾದರೆ 330.12 ಮೊದಲು ಬರಬೇಕಲ್ವಾ ಅಂದೆ. ಅವನು ಆಗಲೇ ಟ್ರಾಲಿ ತಿರುಗಿಸಿಕೊಂಡು ಆ ಸಾಲಿಗೆ ಹೋಗಿದ್ದ. ಆವತ್ತಿನಿಂದ ಎಲ್ಲರಿಗೂ ತಕ್ಕಡಿ ಲೆಕ್ಕದಲ್ಲೇ ಹೇಳಿಕೊಡುತ್ತಿದ್ದೇನೆ.

ಕನ್ನಡ ಸಾಹಿತ್ಯ 894.814ರಲ್ಲಿ ಬರುತ್ತದೆ. ಕೊನೆಗೆ 1 ಇದ್ದರೆ ಕವಿತೆ, 2 ಇದ್ದರೆ ನಾಟಕ, 3 ಇದ್ದರೆ ಕಾದಂಬರಿ, ಕತೆ. ನೂರಾರು ಪುಸ್ತಕಗಳಿಗೆ ಸಂಖ್ಯೆ ಒಂದೇ ಇರುವುದರಿಂದ ಅದರ ಕೆಳಗೆ ಲೇಖಕರ ಹೆಸರಿನ ಮೊದಲ ಅಕ್ಷರಗಳು ಇರುತ್ತವೆ. ಇಲ್ಲಿ ಇನ್ನೊಂದು ತೊಡಕು. ಇಂಗ್ಲಿಷ್ ಅಕ್ಷರಗಳ ಕ್ರಮ ಎಲ್ಲರ ಬಾಯಲ್ಲೂ ಇದೆ. ದ ಮೊದಲೋ ಪ ಮೊದಲೋ ಅಂದರೆ ನಮ್ಮ ಮಕ್ಕಳು ತಡವರಿಸುತ್ತಾರೆ. ನನಗೆ ಇದು ನಿಜವಾಗಿ ಬೇಸರದ ವಿಷಯ. ಟ್ರಾಲಿಯ ಹಿಡಿಕೆಗೆ ಒಂದು ವರ್ಣಮಾಲೆ ಚೀಟಿ ಕಟ್ಟಿದ್ದೇನೆ. ಯಾರೂ ನಾಚಿಕೊಳ್ಳದೆ ನೋಡುತ್ತಾರೆ.

ಮೊದಲ ಎರಡು ವಾರ ಹೊಸಬರು ಪುಸ್ತಕವನ್ನು ಸರಿಯಾದ ಜಾಗದಲ್ಲಿ, ಆದರೆ ಬೆನ್ನು ಮೇಲೆ ಮಾಡಿ ಮಲಗಿಸಿ ಇಡಬೇಕು. ನಾನು ಅವರ ಜೊತೆಗೇ ಹೋಗಿ ಒಂದೊಂದನ್ನೂ ನೋಡುತ್ತೇನೆ. ಸರಿ ಇದ್ದರೆ ಅವರೇ ನೆಟ್ಟಗೆ ನಿಲ್ಲಿಸುತ್ತಾರೆ. ತಪ್ಪಿದ್ದರೆ ನಾನು ತೆಗೆಯುವುದಿಲ್ಲ, "ಇನ್ನೊಂದು ಸಲ ನೋಡು" ಅನ್ನುತ್ತೇನೆ. ಆಮೇಲೆ ಒಬ್ಬೊಬ್ಬರಿಗೂ ಒಂದು ರ‍್ಯಾಕ್ ವಹಿಸುತ್ತೇವೆ. ದಿನಾ ಹದಿನೈದು ನಿಮಿಷ ಆ ರ‍್ಯಾಕನ್ನು ಎಡದಿಂದ ಬಲಕ್ಕೆ ಓದಿಕೊಂಡು ಹೋಗಿ ಕ್ರಮ ತಪ್ಪಿದ್ದನ್ನು ಸರಿ ಮಾಡಬೇಕು. ರ‍್ಯಾಕಿನ ಬದಿಯಲ್ಲಿ ಅವರ ಹೆಸರಿನ ಚೀಟಿ ಇರುತ್ತದೆ. ಆ ಚೀಟಿ ಅಂಟಿಸಿದ ಮೇಲೆ ಧೂಳು ಒರೆಸಿ ಅಂತ ನಾನು ಹೇಳಿದ್ದೇ ಇಲ್ಲ.

ಇನ್ನೊಂದು ಸಾಲು ನೋವಿನಿಂದ ಕಲಿತು ಬರೆದದ್ದು. ಒಬ್ಬ ಹುಡುಗ ಕೌಂಟರಿಗೆ ಬಂದು, ಈ ಪುಸ್ತಕ ಯಾರ ಹತ್ತಿರ ಇದೆ ಅಂತ ಕೇಳಿದ. ನಮ್ಮ ವಿದ್ಯಾರ್ಥಿ ಪರದೆ ನೋಡಿ ಒಬ್ಬ ಹುಡುಗಿಯ ಹೆಸರು ಹೇಳಿದಳು. ಸಹಾಯ ಮಾಡುತ್ತಿದ್ದೇನೆ ಅಂತಲೇ ಅವಳ ಮನಸ್ಸಿನಲ್ಲಿತ್ತು. ಅವನು ಆ ಹುಡುಗಿಯ ನಂಬರ್ ಹುಡುಕಿ ರಾತ್ರಿ ಹೊತ್ತು ಫೋನ್ ಮಾಡೋಕೆ ಶುರು ಮಾಡಿದ. ಆ ಹುಡುಗಿ ಅಳುತ್ತಾ ನನ್ನ ಹತ್ತಿರ ಬಂದಳು. ಯಾರು ಏನು ಓದುತ್ತಾರೆ ಅನ್ನುವುದು ಗ್ರಂಥಾಲಯ ಕಾಪಾಡಬೇಕಾದ ಗುಟ್ಟು ಅಂತ ನಾನು ನಮ್ಮ ಮಕ್ಕಳಿಗೆ ಹೇಳಿಯೇ ಇರಲಿಲ್ಲ. ಈಗ ಕೌಂಟರಿನಲ್ಲಿ ಏನು ಹೇಳಬೇಕು ಅಂತ ಹಾಳೆಯಲ್ಲೇ ಬರೆದಿದ್ದೇನೆ: 'ಹೊರಗೆ ಹೋಗಿದೆ, ಇಂಥ ದಿನ ವಾಪಸ್ ಬರಬೇಕು, ಬೇಕಿದ್ದರೆ ನಿಮ್ಮ ಹೆಸರಿಗೆ ಕಾದಿರಿಸ್ತೀನಿ.' ಇಷ್ಟೇ ಹೇಳಬೇಕು. ಕೇಳುವವರು ಮೇಷ್ಟ್ರಾದರೂ ಅಷ್ಟೇ. ಒತ್ತಾಯ ಮಾಡಿದರೆ ನನ್ನನ್ನು ಕರೆಯಬೇಕು.

ಫೈನ್ ವಿಷಯವೂ ಹೀಗೇ ಇತ್ತು. ಸ್ನೇಹಿತರು ಬಂದು "ನನ್ನದು ತೆಗೆದುಬಿಡು ಕಣೋ" ಅಂದರೆ ಹತ್ತೊಂಬತ್ತು ವರ್ಷದ ಹುಡುಗ ಇಲ್ಲ ಅನ್ನುವುದು ಕಷ್ಟ. ಅವನ ಪ್ರಾಮಾಣಿಕತೆಯನ್ನು ನಾವು ದಿನಾ ಪರೀಕ್ಷೆಗೆ ಒಡ್ಡುವುದು ಸರಿಯಲ್ಲ. ಗ್ರಂಥಾಲಯದ ಕೆಲಸಕ್ಕೆ ಬಳಸುವ ಕೋಹಾ ತಂತ್ರಾಂಶದಲ್ಲಿ ಒಬ್ಬೊಬ್ಬರಿಗೂ ಬೇರೆ ಲಾಗಿನ್ ಕೊಟ್ಟು, ಯಾರು ಏನು ಮಾಡಬಹುದು ಅಂತ ಮಿತಿ ಹಾಕಬಹುದು. ವಿದ್ಯಾರ್ಥಿಗಳ ಲಾಗಿನ್‌ನಲ್ಲಿ ಫೈನ್ ಅಳಿಸುವ ಅವಕಾಶವನ್ನೇ ತೆಗೆಸಿದೆ. "ನನ್ನ ಲಾಗಿನ್‌ನಲ್ಲಿ ಆಗಲ್ಲ" ಅಂದರೆ ಸ್ನೇಹವೂ ಉಳಿಯುತ್ತದೆ.

ಮೊಬೈಲ್, ಇಯರ್‌ಫೋನ್ ಬಗ್ಗೆ ಒಂದೇ ಸಾಲು. ಕೆಲಸ ಮುಗಿದಿದ್ದರೆ ಕೌಂಟರಿನಲ್ಲಿ ಕೂತು ಓದಿಕೊಳ್ಳಲಿ, ನನಗೆ ಸಂತೋಷ. ಕಿವಿಗೆ ಏನೂ ಬೇಡ, ಎದುರಿಗೆ ಬಂದವರಿಗೆ ಕರೆಯೋಕೆ ಸಂಕೋಚ ಆಗುತ್ತದೆ.

ಹಾಳೆಯ ಹಿಂಬದಿ ಖಾಲಿ ಇತ್ತು. ಅಲ್ಲಿ ಅವರು ನಮ್ಮಿಂದ ಏನು ಕೇಳಬಹುದು ಅಂತ ಬರೆದೆ. ಗಂಟೆಗಳ ಲೆಕ್ಕವನ್ನು ಅವರ ಎದುರೇ ಕೂಡಿಸುತ್ತೇವೆ. ತಪ್ಪಾದರೆ ಒಳಗೆ ಕರೆದು ಹೇಳುತ್ತೇವೆ, ಹತ್ತು ಜನರ ಮುಂದೆ ಬೈಯುವುದಿಲ್ಲ. ಕೆಲಸ ಬಿಡುವಾಗ ಏನೇನು ಮಾಡಿದ್ದಾರೆ ಅಂತ ವಿವರವಾಗಿ ಒಂದು ಪತ್ರ ಕೊಡುತ್ತೇವೆ. ಟೀ ತರಿಸುವುದಿಲ್ಲ, ಬ್ಯಾಂಕಿಗೆ ಕಳಿಸುವುದಿಲ್ಲ. ಈ ಕೊನೆಯ ಸಾಲಿಗೆ ಒಪ್ಪಿಗೆ ಸಿಗುವುದು ತಡವಾಯಿತು. "ಹುಡುಗರು ತಾನೇ, ಒಂದು ಟೀ ತಂದರೆ ಏನಾಗುತ್ತೆ?" ಅಂದರು ಒಬ್ಬರು. ಮಕ್ಕಳು ಪಾಳಿಯಲ್ಲಿ ಇರುವ ಎರಡು ಗಂಟೆ ಓದುಗರದ್ದು ಅಂತ ನಾನು ಪಟ್ಟು ಹಿಡಿದೆ. ಎರಡು ತಿಂಗಳು ಹಿಡಿಯಿತು. ಆಮೇಲೆ ಅವರೇ ಫ್ಲಾಸ್ಕ್ ತರೋಕೆ ಶುರು ಮಾಡಿದರು.

ಪ್ರತಿ ವರ್ಷ ಹೊರಗೆ ಹೋಗುವ ಬ್ಯಾಚಿನ ಕೈಗೆ ಹಾಳೆ ಮತ್ತು ಒಂದು ಕೆಂಪು ಪೆನ್ನು ಕೊಡುತ್ತೇನೆ. ಯಾವುದು ಬೇಡ, ಯಾವುದು ಬೇಕು ಅಂತ ಅವರು ತಿದ್ದುತ್ತಾರೆ. ಒಂದು ವರ್ಷ, ಪುಸ್ತಕವನ್ನು ಮೇಲಿನ ಅಂಚು ಹಿಡಿದು ಎಳೆಯಬೇಡಿ, ಅಕ್ಕಪಕ್ಕದ್ದನ್ನು ಒಳಗೆ ತಳ್ಳಿ ನಡು ಹಿಡಿದು ತೆಗೆಯಿರಿ ಅಂತ ಸೇರಿಸಿದರು. ಈ ವರ್ಷ ಹೊಸದೇನೂ ಸೇರಿಸಲಿಲ್ಲ. 'ಪಾಳಿ ನಿಮಗೆ ಹೊಂದದಿದ್ದರೆ ಕೇಳಿ, ಬದಲಾಯಿಸುತ್ತೇವೆ' ಅನ್ನುವುದು ಏಳನೇ ಸಾಲಿನಲ್ಲಿತ್ತು. ಅದಕ್ಕೆ ಒಂದು ಬಾಣ ಎಳೆದು ಎಲ್ಲಕ್ಕಿಂತ ಮೇಲೆ ತಂದಿದ್ದರು. ಹಾಗೇ ಅಚ್ಚು ಹಾಕಿಸಿ ಕೌಂಟರ್ ಹಿಂದಿನ ಗೋಡೆಗೆ ಅಂಟಿಸಿದ್ದೇನೆ.