ಚಗಳಿಯನ್ನು ನೋಡಿ ಬರೆಯುವುದು ಹೇಗೆ?

ಕಾರವಾರ, ಅಂಕೋಲೆ ಕಡೆ ಗೇರುಹಕ್ಕಲ ಇದ್ದವರಿಗಾಗಲಿ, ಶಿರಸಿ ಸೀಮೆಯಲ್ಲಿ ಬೆಟ್ಟಕ್ಕೆ ಸೊಪ್ಪಿಗೆ ಹೋಗುವವರಿಗಾಗಲಿ ಮರದ ಮೇಲೆ ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆ ಗೊತ್ತಿಲ್ಲದ್ದೇನಲ್ಲ. ಮಾವಿನ ಮರ ಹತ್ತಿ ಕಚ್ಚಿಸಿಕೊಳ್ಳದವರು ಕಡಿಮೆ. ಆದರೆ ಅದು ಹೇಗಿದೆ ಬರೆದುಕೊಡಿ ಎಂದರೆ ಹೆಚ್ಚಿನವರು ‘ಕೆಂಪಗೆ, ಉದ್ದಕ್ಕೆ’ ಎಂದು ನಿಲ್ಲಿಸುತ್ತಾರೆ. ಇಷ್ಟು ಹೇಳಿದರೆ ಅದು ಎಷ್ಟೋ ಜಾತಿಯ ಇರುವೆಗಳಿಗೆ ಹೊಂದುತ್ತದೆ. ಶಾಲೆಯ ಪ್ರಾಜೆಕ್ಟಿಗೆ ಬರೆಯಿರಿ, ತೋಟದ ದಾಖಲೆಗೆ ಬರೆಯಿರಿ, ಓದಿದವರು ಮರದ ಬುಡದಲ್ಲಿ ನಿಂತು ಗುರುತು ಹಿಡಿಯುವಂತಿರಬೇಕು.

ಬೇಕಾಗುವುದು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಗ್ರಾಫ್ ಹಾಳೆ, ಮುಚ್ಚಳವಿರುವ ಸಣ್ಣ ಬಾಟಲಿ. ದಯವಿಟ್ಟು ಕೊಟ್ಟೆ, ಅಂದರೆ ಎಲೆ ಸೇರಿಸಿ ಕಟ್ಟಿದ ಅದರ ಗೂಡು, ಒಡೆಯಬೇಡಿ. ಅದನ್ನು ಕಟ್ಟುವುದನ್ನು ಒಮ್ಮೆ ನೋಡಿದವರಿಗೆ ಒಡೆಯಲು ಮನಸ್ಸೇ ಬರುವುದಿಲ್ಲ. ಒಂದಷ್ಟು ಇರುವೆಗಳು ಸಾಲಾಗಿ ನಿಂತು ಎರಡು ಎಲೆಯ ಅಂಚನ್ನು ಎಳೆದು ಹಿಡಿಯುತ್ತವೆ. ಉಳಿದವು ಗೂಡಿನ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿ ತಂದು ಈ ಅಂಚಿಗೂ ಆ ಅಂಚಿಗೂ ಮುಟ್ಟಿಸುತ್ತವೆ. ಮರಿಹುಳು ಬಿಡುವ ರೇಷ್ಮೆಯಿಂದ ಎಲೆಗಳು ಅಂಟಿಕೊಳ್ಳುತ್ತವೆ. ರೇಷ್ಮೆಯೆಲ್ಲ ಗೂಡಿಗೇ ಹೋಗುವುದರಿಂದ ಆ ಮರಿಹುಳು ಕೋಶಾವಸ್ಥೆಗೆ ಹೋಗುವಾಗ ತನಗೆಂದು ಗೂಡು ಸುತ್ತಿಕೊಳ್ಳುವುದಿಲ್ಲ.

ಹಾಗಾಗಿ ರೆಂಬೆಯ ಮೇಲೆ ಸಾಲು ಹೋಗುವಲ್ಲಿ ಬಾಟಲಿ ಹಿಡಿಯಿರಿ. ನಾಲ್ಕಾರು ಸಿಕ್ಕರೆ ಸಾಕು. ಫ್ರಿಜ್ಜಿನಲ್ಲಿ, ಫ್ರೀಜರಿನಲ್ಲಲ್ಲ, ಸ್ವಲ್ಪ ಹೊತ್ತು ಇಟ್ಟರೆ ಓಡಾಟ ನಿಲ್ಲಿಸುತ್ತವೆ. ಆಗ ಗ್ರಾಫ್ ಹಾಳೆಯ ಮೇಲೆ ಹಾಕಿ ಮೇಲಿನಿಂದ ಒಂದು, ಪಕ್ಕದಿಂದ ಒಂದು ಫೋಟೊ ತೆಗೆದು, ಹಿಡಿದ ಮರಕ್ಕೇ ಬಿಡಿ.

ಮೊದಲು ಉದ್ದ. ದವಡೆಯ ತುದಿಯಿಂದ ಹೊಟ್ಟೆಯ ತುದಿವರೆಗೆ ಅಳೆಯಿರಿ. ಕುಡಿಮೀಸೆ, ಕಾಲು ಲೆಕ್ಕಕ್ಕಿಲ್ಲ. ಸಾಲಿನಲ್ಲಿ ಸಿಗುವ ದೊಡ್ಡ ಕೆಲಸಗಾರ ಇರುವೆ 8ರಿಂದ 10 ಮಿ.ಮೀ. ಇರುತ್ತದೆ.

ಆಮೇಲೆ ತಲೆಯಿಂದ ಹಿಂದಕ್ಕೆ ಬನ್ನಿ. ದೊಡ್ಡ ಕಣ್ಣು, ಸಾಲು ಹಲ್ಲಿನ ಉದ್ದ ದವಡೆ. ಕುಡಿಮೀಸೆಗೆ 12 ಗೆಣ್ಣು. ಮೊದಲನೆಯದೇ ಬಹಳ ಉದ್ದ, ಅದರ ತುದಿಯಲ್ಲಿ ಮೊಣಕೈಯಂತೆ ಮಡಚಿಕೊಳ್ಳುತ್ತದೆ. ಕಾಲುಗಳು ಸಪೂರ, ಉದ್ದ.

ಸೊಂಟದ ಹತ್ತಿರ ಬಂದಾಗ ಅವಸರ ಬೇಡ. ಇರುವೆಯ ಗುರುತು ಹೆಚ್ಚಾಗಿ ತೀರ್ಮಾನವಾಗುವುದು ಅಲ್ಲೇ, ಹೆಚ್ಚಿನವರು ಬಿಟ್ಟುಬಿಡುವುದೂ ಅದನ್ನೇ. ಪಕ್ಕದಿಂದ ನೋಡಿ. ನೆಲದಲ್ಲಿ ಗೂಡು ಮಾಡಿ ಕುಟುಕುವ ಸಣ್ಣ ಕೆಂಪಿರುವೆಯ ಸೊಂಟದಲ್ಲಿ ಎರಡು ಗಂಟು ಕಾಣುತ್ತವೆ. ಕರಿ ಗೊದ್ದಕ್ಕೆ ಒಂದೇ, ಆದರೆ ಅದು ನೆಟ್ಟಗೆ ಎದ್ದು ನಿಂತಿರುತ್ತದೆ. ಚಗಳಿಗೂ ಒಂದೇ, ಅದು ಉದ್ದಕ್ಕೆ, ತಗ್ಗಾಗಿ ಮಲಗಿದಂತಿರುತ್ತದೆ. ಈ ಸೊಂಟದಿಂದಾಗಿಯೇ ಚಗಳಿ ಕೆಣಕಿದಾಗ ಹೊಟ್ಟೆಯನ್ನು ಬೆನ್ನಿನ ಮೇಲಕ್ಕೆ ಎತ್ತಬಲ್ಲದು. ಚಗಳಿಗೆ ಕುಟುಕುವ ಮುಳ್ಳಿಲ್ಲ. ದವಡೆಯಿಂದ ಕಚ್ಚಿ, ಹೊಟ್ಟೆಯ ತುದಿಯಿಂದ ಫಾರ್ಮಿಕ್ ಆಮ್ಲ ಬಿಡುತ್ತದೆ, ಉರಿಯುವುದು ಅದರಿಂದ. ಕಣ್ಣಿನ ಹತ್ತಿರ ಹಿಡಿದು ನೋಡಬೇಡಿ.

ಬಣ್ಣ ಕೊನೆಗೆ ಬರೆದರೆ ಸಾಕು. ನಮ್ಮಲ್ಲಿ ಕಿತ್ತಳೆಗೆಂಪು. ಇದೇ ಜಾತಿಯ ಇರುವೆಗೆ ಆಸ್ಟ್ರೇಲಿಯಾದಲ್ಲಿ ಹಸಿರು ಹೊಟ್ಟೆಯಿರುತ್ತದೆ. 1775ರಲ್ಲಿ ಫ್ಯಾಬ್ರಿಷಿಯಸ್ ವಿವರಿಸಿದ ಈ ಜಾತಿಯ ಈಗಿನ ವೈಜ್ಞಾನಿಕ ಹೆಸರು ಈಕೋಫಿಲ್ಲ ಸ್ಮಾರಾಗ್ಡಿನ.

ಇಷ್ಟು ಬರೆದರೆ ಒಂದು ವರ್ಗ ಮುಗಿಯಿತು. ಚಿಕ್ಕ ಕೆಲಸಗಾರ ಇರುವೆ ಉದ್ದದಲ್ಲಿ ದೊಡ್ಡದರ ಸುಮಾರು ಅರ್ಧ. ಹೆಚ್ಚಾಗಿ ಕೊಟ್ಟೆಯೊಳಗೇ ಇದ್ದು ಮೊಟ್ಟೆ, ಮರಿ ನೋಡಿಕೊಳ್ಳುವುದರಿಂದ ಸಾಲಿನಲ್ಲಿ ಸಿಗುವುದು ಕಷ್ಟ. ಗಾಳಿಗೆ ಬಿದ್ದ ಕೊಟ್ಟೆಯಲ್ಲೋ, ಗೇರು ಸವರುವಾಗ ಕಡಿದ ಟೊಂಗೆಯಲ್ಲೋ ಹುಡುಕಿ. ಗೊದ್ದಗಳಲ್ಲಿ ಎಲ್ಲ ಗಾತ್ರದವೂ ಇರುತ್ತವೆ. ಚಗಳಿಯಲ್ಲಿ ನಡುವಿನ ಗಾತ್ರದ್ದು ಅಪರೂಪ, ಆದ್ದರಿಂದ ಎರಡನ್ನೂ ಬೇರೆಬೇರೆಯಾಗಿ ಅಳೆದು ಬರೆಯಲೇಬೇಕು.

ರಾಣಿ 20ರಿಂದ 25 ಮಿ.ಮೀ., ಹಸಿರುಗಂದು, ದಪ್ಪ ಹೊಟ್ಟೆ. ಕೂಡುವ ಮೊದಲು ರೆಕ್ಕೆಯಿರುತ್ತದೆ, ಆಮೇಲೆ ಉದುರಿ ಎದೆಯ ಮೇಲೆ ಅದರ ಕಲೆ ಉಳಿಯುತ್ತದೆ. ಗಂಡು ಕಪ್ಪು, ಸಣ್ಣ ತಲೆ, ರೆಕ್ಕೆಯುಳ್ಳದ್ದು. ರಾಣಿಗಿಂತ ಬಹಳ ಚಿಕ್ಕದು. ರಾಣಿಗೂ ಗಂಡಿಗೂ ಹಣೆಯ ಮೇಲೆ ಮೂರು ಚುಕ್ಕೆಗಣ್ಣು ಇವೆ, ಕೆಲಸಗಾರರಿಗಿಲ್ಲ.

ಬರೆಯುವ ಮುನ್ನ ಕಾಲು ಎಣಿಸಿ. ಚಗಳಿಯಂತೆಯೇ ಕಾಣುವ ಜಿಗಿಯುವ ಜೇಡವೊಂದು ಅದೇ ಮರಗಳ ಮೇಲೆ ಓಡಾಡುತ್ತದೆ. ಮುಂದಿನ ಎರಡು ಕಾಲನ್ನು ಕುಡಿಮೀಸೆಯಂತೆ ಎತ್ತಿ ಆಡಿಸುತ್ತದೆ. ಎಂಟು ಕಾಲಿದ್ದರೆ, ಅಥವಾ ಕೆಳಕ್ಕೆ ನೂಲು ಬಿಟ್ಟು ಇಳಿದರೆ, ಅದು ಜೇಡ.

ಬರಹ ಹೀಗಿದ್ದರೆ ಸಾಕು: ‘ದೊಡ್ಡ ಕೆಲಸಗಾರ. 9 ಮಿ.ಮೀ. ಕಿತ್ತಳೆಗೆಂಪು. ಕುಡಿಮೀಸೆ 12 ಗೆಣ್ಣು. ಸೊಂಟ ಒಂದೇ ಗಂಟು, ಉದ್ದ, ತಗ್ಗು. ಮುಳ್ಳಿಲ್ಲ. ಗೇರು ಮರದ ಮೇಲೆ, ಎಲೆ ಹೊಲಿದ ಕೊಟ್ಟೆ.’ ಕೆಳಗೆ ಊರು, ತಾರೀಖು ಹಾಕಿ. ಚಿಕ್ಕ ಕೆಲಸಗಾರ, ರಾಣಿ, ಗಂಡು ಸಿಕ್ಕಿದಾಗ ಒಂದೊಂದಕ್ಕೂ ಬೇರೆ ಪುಟ ಇಡಿ.