ಆರೋಗ್ಯ ಸಂಸ್ಥೆಯ ಪ್ರಕಟಣೆಗಳಿಗೆ ನಿಯಮ ರೂಪಿಸುವುದು ಹೇಗೆ?

ಆರೋಗ್ಯ ಮತ್ತು ಪರಿಸರ ಎರಡಕ್ಕೂ ದುಡಿಯುವ ಸ್ವಯಂಸೇವಾ ಸಂಸ್ಥೆಗಳ ಕರಪತ್ರಗಳಲ್ಲಿ ಉತ್ಸಾಹಕ್ಕೆ ಕೊರತೆಯಿಲ್ಲ, ಆದರೆ ಪರಿಶೀಲನೆ ಸಾಲದು. ಶಿರಸಿ, ಸಿದ್ದಾಪುರ, ಕಾರವಾರದಂಥ ಊರುಗಳ ಸಣ್ಣ ಸಂಸ್ಥೆಯೂ ಪಾಲಿಸಬಹುದಾದ ಕ್ರಮ ಹೀಗಿದೆ.

ಮೊದಲಿಗೆ, ಬರಹ ಯಾರಿಗೆಂದು ನಿರ್ಧರಿಸಿ. ಸೊಪ್ಪಿನ ಬೆಟ್ಟಕ್ಕೆ (ತೋಟಕ್ಕೆ ಸೊಪ್ಪು ತರುವ ಕಾಡಿಗೆ) ಹೋಗುವವರಿಗೆ ಬರೆದದ್ದನ್ನೇ ದಾನಿಗಳಿಗೂ ಕಳುಹಿಸಬಾರದು.

ಎರಡನೆಯದಾಗಿ, ಬರೆಯುವವರು ಮತ್ತು ಒಪ್ಪಿಗೆ ಕೊಡುವವರು ಬೇರೆಯಾಗಿರಲಿ. ಚಿಕಿತ್ಸೆಯ ಮಾತಿದ್ದರೆ ವೈದ್ಯರ ಸಹಿ ಕಡ್ಡಾಯ.

ಮೂರನೆಯ ಹಂತದಲ್ಲಿ, ಅಂದರೆ ಹೇಳಿಕೆಗಳ ಪರಿಶೀಲನೆಯಲ್ಲಿ, ಹೆಚ್ಚಿನವರು ಎಡವುತ್ತಾರೆ. ಪ್ರತಿ ಅಂಕಿಯ ಜೊತೆಗೆ ಅದರ ವರ್ಷ, ಮೂಲ ಮತ್ತು ವ್ಯಾಪ್ತಿಯನ್ನು ದಾಖಲಿಸಬೇಕು. ಹಸಿರುಮನೆ ಅನಿಲಗಳ ಹೊರಸೂಸುವಿಕೆಯಲ್ಲಿ ಆರೋಗ್ಯ ಕ್ಷೇತ್ರದ ಪಾಲು ಶೇ 4.4 ಎಂಬುದು 2019ರ ವರದಿಯೊಂದು ಇಡೀ ಜಗತ್ತಿಗೆ ಮಾಡಿದ ಅಂದಾಜು. ಅದನ್ನು ತಾಲ್ಲೂಕು ಆಸ್ಪತ್ರೆಯ ಲೆಕ್ಕವೆಂಬಂತೆ ಬಳಸಿದರೆ ಓದುಗರಿಗೆ ಸುಳ್ಳು ಹೇಳಿದಂತಾಗುತ್ತದೆ. ಇದಕ್ಕಿಂತ ಅಪಾಯಕಾರಿಯಾದದ್ದು ಪರಿಸರದ ಸಂದೇಶ ಚಿಕಿತ್ಸೆಯನ್ನು ಮುಟ್ಟುವ ಜಾಗ. ಒತ್ತಿ ಸಿಂಪಡಿಸುವ ಇನ್‌ಹೇಲರ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ ಅನಿಲ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು ತಾಪ ಹಿಡಿಯುತ್ತದೆ ಎಂಬುದು ನಿಜ. ಆದರೆ ಅಷ್ಟನ್ನೇ ಓದಿದ ಅಸ್ತಮಾ ರೋಗಿಯೊಬ್ಬರು ಇನ್‌ಹೇಲರ್ ಬಿಟ್ಟರೆ ಜೀವಕ್ಕೇ ಸಂಚಕಾರ. ಆದ್ದರಿಂದ 'ವೈದ್ಯರನ್ನು ಕೇಳದೆ ಔಷಧಿ ನಿಲ್ಲಿಸಬೇಡಿ, ಬದಲಿಸಬೇಡಿ' ಎಂಬ ಮಾತು ಮೊದಲ ವಾಕ್ಯವಾಗಿಯೇ ಬರಬೇಕು, ಅಡಿಟಿಪ್ಪಣಿಯಾಗಿ ಅಲ್ಲ. 'ಪರಿಸರಸ್ನೇಹಿ' ಎಂಬ ಬಿಡಿ ಪದವನ್ನು ನಾನಂತೂ ಪೂರ್ತಿ ನಿಷೇಧಿಸುತ್ತೇನೆ. ಎಷ್ಟು ವಿದ್ಯುತ್ ಉಳಿಯಿತು, ಯಾವ ತ್ಯಾಜ್ಯ ಕಡಿಮೆಯಾಯಿತು ಎಂದು ಬರೆಯಲಾಗದಿದ್ದರೆ ಆ ವಾಕ್ಯವೇ ಬೇಡ.

ಭಾಷೆಯ ವಿಷಯಕ್ಕೆ ಬಂದರೆ, ಯಂತ್ರಾನುವಾದವನ್ನು ನೇರವಾಗಿ ಮುದ್ರಣಕ್ಕೆ ಕಳುಹಿಸುವ ಸುಲಭದ ದಾರಿಯನ್ನು ದಯವಿಟ್ಟು ಹಿಡಿಯಬೇಡಿ. ಕರಡನ್ನು ಆಶಾ ಕಾರ್ಯಕರ್ತೆಯೊಬ್ಬರಿಂದ ಗಟ್ಟಿಯಾಗಿ ಓದಿಸಿ, ಅವರು ತಡವರಿಸಿದಲ್ಲೆಲ್ಲ ತಿದ್ದಿ. ಕಾರವಾರದ ಕೊಂಕಣಿ ಮಾತಾಡುವ ಮನೆಗಳಿಗೆ ಆ ಭಾಷೆಯ ಧ್ವನಿ ಸಂದೇಶವೇ ಮೇಲು.

ನಾಲ್ಕನೆಯದಾಗಿ, ರೋಗಿಯ ಚಿತ್ರಕ್ಕೆ ಲಿಖಿತ ಒಪ್ಪಿಗೆ ಪಡೆಯಿರಿ, ಅದನ್ನು ಹಿಂಪಡೆಯುವ ಹಕ್ಕನ್ನೂ ತಿಳಿಸಿ. ಚಿಕಿತ್ಸೆಗೆ ಕಾದು ಕುಳಿತವರ ಬಳಿ ಒಪ್ಪಿಗೆ ಕೇಳುವುದು ಸರಿಯಲ್ಲ, ಏಕೆಂದರೆ ಆ ಹೊತ್ತಿನಲ್ಲಿ ಅವರು ಬೇಡವೆನ್ನಲಾರರು. ಊರು, ಕಸುಬು, ಕಾಯಿಲೆ ಮೂರೂ ಒಟ್ಟಿಗೆ ಬಂದರೆ ಹೆಸರಿಲ್ಲದೆಯೂ ಸಣ್ಣ ಊರಿನಲ್ಲಿ ಗುರುತು ಸಿಗುತ್ತದೆ.

ಮುದ್ರಣಕ್ಕೆ ಬಟ್ಟೆ ಅಥವಾ ಕಾಗದ ಬಳಸಿ. ರಾಜ್ಯದಲ್ಲಿ 2016ರಲ್ಲೇ ನಿಷೇಧವಾದ ಪ್ಲಾಸ್ಟಿಕ್ ಫ್ಲೆಕ್ಸ್‌ನಲ್ಲಿ ಪರಿಸರದ ಪಾಠ ಬರೆಸುವುದು ಸಲ್ಲದು.

ಕೊನೆಯದಾಗಿ, ಪ್ರತಿ ಪ್ರಕಟಣೆಯ ಮೇಲೆ ದಿನಾಂಕ ಹಾಕಿ, ಹಂಚಿದ ಸ್ಥಳಗಳ ಪಟ್ಟಿ ಇಟ್ಟುಕೊಳ್ಳಿ. ರಕ್ತ ಹೀರುವ ಉಣುಗು (ಉಣ್ಣೆ) ಕಚ್ಚಿ ಹರಡುವ ಮಂಗನ ಕಾಯಿಲೆಗೆ ಹಿಂದೆ ಕೊಡುತ್ತಿದ್ದ ಲಸಿಕೆಯ ಬಳಕೆ ಈಗ ನಿಂತಿದೆ. 'ಲಸಿಕೆ ಹಾಕಿಸಿಕೊಳ್ಳಿ' ಎಂಬ ಹಳೆಯ ಭಿತ್ತಿಪತ್ರ ಗೋಡೆಯಲ್ಲಿ ಉಳಿದಿದ್ದರೆ ಅದನ್ನು ತೆಗೆದು, ಉಣುಗು ಕಚ್ಚದಂತೆ ಕಾಡಿಗೆ ಹೋಗುವ ಮುನ್ನ ಉಣುಗು ನಿರೋಧಕ ತೈಲ ಹಚ್ಚಿಕೊಳ್ಳುವ ಕ್ರಮವನ್ನು ತಿಳಿಸುವ ಹೊಸ ಪತ್ರವನ್ನು ಕಾಯಿಲೆಯ ಕಾಲ ಶುರುವಾಗುವ ಡಿಸೆಂಬರ್‌ಗೆ ಮೊದಲೇ ಅಂಟಿಸಬೇಕು.