ಹೆಲೆನಾದಲ್ಲಿ ನನ್ನ ಲೆಕ್ಕ ತಪ್ಪಿದ್ದು

ಅಮೆರಿಕದ ಕಪ್ಪುಜನರ ಬ್ಲೂಸ್ ಹಾಡಿನ ಒಂದು ಚರಣ ಅಂದರೆ 12 ಬಾರ್ (ನಾಲ್ಕು ನಾಲ್ಕು ಎಣಿಕೆಯ 12 ಸುತ್ತು) ಅಂತ ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ನಂಬಿ ಕೆಟ್ಟವನು ನಾನು. ಅದೂ ಎಲ್ಲೋ ಮನೆಯಲ್ಲಲ್ಲ, ಅರ್ಕಾನ್ಸಾಸ್‌ನ ಹೆಲೆನಾದಲ್ಲಿ, ಕಿಂಗ್ ಬಿಸ್ಕಿಟ್ ಬ್ಲೂಸ್ ಫೆಸ್ಟಿವಲ್‌ನಲ್ಲಿ, ಬ್ಲೂಸ್ ಕೇಳಿಕೊಂಡೇ ಬೆಳೆದ ಜನರ ಮುಂದೆ.

ನಾನಿರುವುದು ಮೆಂಫಿಸ್‌ನಲ್ಲಿ, ಕೆಲಸ ಐಟಿ. ಮೈಸೂರಿನಲ್ಲಿ ಚಿಕ್ಕವನಿದ್ದಾಗ ಆರು ವರ್ಷ ವೀಣೆ ಕಲಿತು ಬಿಟ್ಟವನು. ಇಲ್ಲಿಗೆ ಬಂದ ಮೇಲೆ ಸ್ಲೈಡ್ ಗಿಟಾರ್ ಹಿಡಿದೆ. ಕಿರುಬೆರಳಿಗೆ ಗಾಜಿನ ಕೊಳವೆ ಹಾಕಿಕೊಂಡು ತಂತಿಯ ಮೇಲೆ ಜಾರಿಸೋದು, ಚಿತ್ರವೀಣೆ ಕೇಳಿದವರಿಗೆ ಇದೇನೂ ಹೊಸದಲ್ಲ. ಗಿಟಾರನ್ನು ಓಪನ್ ಜಿ ಶ್ರುತಿಗೆ ಇಳಿಸುತ್ತೇನೆ, ದಪ್ಪ ತಂತಿಯಿಂದ ಶುರುಮಾಡಿದರೆ ಡಿ ಜಿ ಡಿ ಜಿ ಬಿ ಡಿ. ನಮ್ಮ ಲೆಕ್ಕದಲ್ಲಿ ಪ ಸ ಪ ಸ ಗ ಪ, ಅಷ್ಟೇ. ಬ್ಲೂಸ್‌ನ ಗಾಂಧಾರ ಮಾತ್ರ ಸಾಧಾರಣಕ್ಕೂ ಅಂತರಕ್ಕೂ ನಡುವೆ ಎಲ್ಲೋ ತೂಗಾಡುತ್ತಿರುತ್ತದೆ. ಅದಕ್ಕೇ ಸ್ಲೈಡ್ ಬೇಕು. ಕೊಳವೆ ಫ್ರೆಟ್ಟಿನ (ವೀಣೆಯ ಮೆಟ್ಟಿನ ಹಾಗಿನ ಲೋಹದ ಪಟ್ಟಿಯ) ನೇರಕ್ಕೆ ಮೇಲೆ ನಿಲ್ಲಬೇಕು, ಹಿಂದೆ ಅಲ್ಲ. ಕೊಳವೆಯ ಹಿಂದಿನ ಬೆರಳುಗಳು ತಂತಿಯನ್ನು ಮೆಲ್ಲಗೆ ಮುಟ್ಟಿಕೊಂಡಿರಬೇಕು, ಇಲ್ಲದಿದ್ದರೆ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಗುಂಯ್ ಅನ್ನುತ್ತದೆ.

ಇಲ್ಲಿ ವಾರದ ಕೊನೆಗೆ ಮದ್ಯದ ಬಾರ್‌ಗಳಲ್ಲಿ ಬ್ಲೂಸ್ ಹಾಡುವ ಹಿರಿಯರೊಬ್ಬರಿದ್ದಾರೆ, ವಯಸ್ಸು 76. ಅವರ ಗಿಟಾರಿಸ್ಟ್ ಮಣಿಕಟ್ಟು ಉಳುಕಿಸಿಕೊಂಡ, ಹೆಲೆನಾದ ಹಬ್ಬಕ್ಕೆ ನನಗೆ ಕರೆ ಬಂತು. ಎರಡೇ ಎರಡು ರಿಹರ್ಸಲ್. ಹಾಡುಗಳ ಪಟ್ಟಿ ಇಲ್ಲ, ಶ್ರುತಿ ಯಾವುದು ಅಂತ ಹಾಡು ಶುರುವಾಗೋ ಮುಂಚೆ ಹಿಂದೆ ತಿರುಗಿ ಒಂದು ಅಕ್ಷರ ಹೇಳುತ್ತಿದ್ದರು. ನಾನು ಅವರ ಹಾಡಿನ ಜೊತೆಜೊತೆಗೇ ನುಡಿಸುತ್ತಿದ್ದೆ, ಕಛೇರಿಯಲ್ಲಿ ಪಿಟೀಲು ಹಿಂಬಾಲಿಸುತ್ತಲ್ಲ ಹಾಗೆ, ಗಮಕ ಬೇರೆ ಧಾರಾಳ. ಮೊದಲ ದಿನವೇ ಕೈ ಎತ್ತಿ ನಿಲ್ಲಿಸಿದರು. ನಾನು ಹಾಡುವಾಗ ಸುಮ್ನಿರು, ಸಾಲು ಮುಗಿದ ಮೇಲೆ ಉತ್ತರ ಕೊಡು ಅಂದರು. ಅವರು ಹೇಳಿಕೊಟ್ಟ ಪಾಠ ಅದೊಂದೇ.

ಅವರು ಹುಟ್ಟಿದ್ದು ಹೆಲೆನಾ ಹತ್ತಿರದ ಹತ್ತಿ ಹೊಲಗಳ ನಡುವೆ. ಹೋಗುವಾಗ ಕಾರಿನಲ್ಲಿ ಬರೀ ರೇಡಿಯೋ ಮಾತು. 1941ರಲ್ಲಿ ಹೆಲೆನಾದ ಕೆಎಫ್‌ಎಫ್‌ಎ ಕೇಂದ್ರದಲ್ಲಿ ಕಿಂಗ್ ಬಿಸ್ಕಿಟ್ ಅನ್ನೋ ಮೈದಾಹಿಟ್ಟಿನ ಜಾಹೀರಾತಿಗಾಗಿ ಒಂದು ಕಾರ್ಯಕ್ರಮ ಶುರುವಾಯಿತು. ಹಾರ್ಮೋನಿಕಾಗೆ ಸನ್ನಿ ಬಾಯ್ ವಿಲಿಯಮ್ಸನ್, ಗಿಟಾರಿಗೆ ರಾಬರ್ಟ್ ಲಾಕ್‌ವುಡ್ ಜೂನಿಯರ್. ಮಧ್ಯಾಹ್ನ 12.15ಕ್ಕೆ, ಹೊಲದವರು ಊಟಕ್ಕೆ ಕೂರುವ ಹೊತ್ತಿಗೆ ಸರಿಯಾಗಿ. ಮುಂದೆ ದೊಡ್ಡ ಬ್ಲೂಸ್ ಗಿಟಾರಿಸ್ಟ್ ಆದ ಬಿ.ಬಿ. ಕಿಂಗ್ ಕೂಡ ಹೊಲದ ಕೆಲಸದ ನಡುವೆ ಇದನ್ನು ಕೇಳಿದವರೇ. ಇವತ್ತು ರಾತ್ರಿ ಎಲ್ಲಿ ನುಡಿಸುತ್ತೇವೆ ಅಂತಲೂ ಆ ವಾದಕರು ಕಾರ್ಯಕ್ರಮದಲ್ಲೇ ಹೇಳಿಬಿಡುತ್ತಿದ್ದರು. ಹಿಟ್ಟು ಮಾರಿದ್ದೆಷ್ಟೋ, ಕಛೇರಿಗೆ ಜನ ಸೇರಿದ್ದಂತೂ ಹೌದು! 1986ರಲ್ಲಿ ಶುರುವಾದ ಹಬ್ಬಕ್ಕೆ ಅದೇ ಹಿಟ್ಟಿನ ಹೆಸರು ಉಳಿದಿದೆ.

ಮೆಂಫಿಸ್‌ನಿಂದ ಸುಮಾರು ಒಂದೂವರೆ ಗಂಟೆ ದಾರಿ. 61ನೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋಗಿ, ಆಮೇಲೆ ಸೇತುವೆ ಮೇಲೆ ಮಿಸಿಸಿಪ್ಪಿ ದಾಟಬೇಕು. ಅಕ್ಟೋಬರ್ ಆದ್ದರಿಂದ ಎರಡೂ ಕಡೆ ಹತ್ತಿ ಬೆಳ್ಳಗೆ ಒಡೆದಿತ್ತು. ದೊಡ್ಡ ವೇದಿಕೆ ನದಿಯ ಏರಿ ಕೆಳಗಿರುತ್ತದೆ, ಜನ ಏರಿಯ ಹುಲ್ಲಿನ ಇಳಿಜಾರಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನಮ್ಮದು ಅದಲ್ಲ ಬಿಡಿ. ಚೆರ್ರಿ ಬೀದಿಯ ಕಡೆ ಒಂದು ಸಣ್ಣ ವೇದಿಕೆ, ಎದುರಿಗೆ ಅರವತ್ತು ಜನ ಇದ್ದರೇನೋ. ಆ ಬೀದಿಯಲ್ಲಿ ಬಾಗಿಲು ಹಾಕಿದ ಅಂಗಡಿಗಳೇ ಜಾಸ್ತಿ, ಹಬ್ಬದ ದಿನಗಳಲ್ಲಿ ಮಾತ್ರ ಕಾಲಿಡೋಕೆ ಜಾಗ ಇರಲ್ಲ.

ನಮಗೆ ಸಿಕ್ಕಿದ್ದು 45 ನಿಮಿಷ. ನನ್ನದು ಲೋಹದ ಮೈಯ ರೆಸೊನೇಟರ್ ಗಿಟಾರ್. ಅದನ್ನು ಬಿಸಿಲಲ್ಲಿ ಹತ್ತು ನಿಮಿಷ ಸ್ಟ್ಯಾಂಡಿಗೆ ಒರಗಿಸಿಟ್ಟು ನೀರು ಕುಡಿಯೋಕೆ ಹೋದೆ, ಬರುವಷ್ಟರಲ್ಲಿ ತಂತಿಗಳು ಕಾದು ಶ್ರುತಿ ಇಳಿದುಹೋಗಿತ್ತು. ನೆರಳಲ್ಲಿಡಿ, ಬಟ್ಟೆ ಮುಚ್ಚಿಡಿ. ಇದನ್ನು ಯಾರೂ ಮೊದಲೇ ಹೇಳಲ್ಲ.

ಎರಡನೇ ಹಾಡು, ಜಿ ಶ್ರುತಿ. ನಾಲ್ಕು ಬಾರ್ ಆದ ಮೇಲೆ ಮಧ್ಯಮಕ್ಕೆ, ಅಂದರೆ ಸಿ ಕಾರ್ಡಿಗೆ (ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹೋಗಬೇಕು ಅನ್ನೋದು ಪುಸ್ತಕದ ಲೆಕ್ಕ. ನಾನು ಮನಸ್ಸಿನಲ್ಲೇ ತಾಳ ಹಾಕಿಕೊಂಡು ಠೀವಿಯಿಂದ ಹೋದೆ. ಅವರು ಬರಲೇ ಇಲ್ಲ. ಸಾಲಿನ ಕೊನೆಯ ಪದವನ್ನು ಹಿಡಿದು ಎಳೆಯುತ್ತಾ ಜಿಯಲ್ಲೇ ನಿಂತಿದ್ದರು, ಬೇಸ್‌ನವನೂ ಡ್ರಮ್ಸ್‌ನವನೂ ಅವರ ಜೊತೆಗೇ ಇದ್ದರು, ನಾನೊಬ್ಬನೇ ಪಕ್ಕದ ಮನೆಗೆ ನುಗ್ಗಿದವನ ಹಾಗೆ ಸಿಯಲ್ಲಿ ಕೂತಿದ್ದೆ. ಮುಂದಿನ ಸಾಲಿನ ಕುರ್ಚಿಯಲ್ಲಿದ್ದ ಅಜ್ಜಿಯೊಬ್ಬರು ನಕ್ಕುಬಿಟ್ಟರು. ವೀಣೆ ಪಾಠದಲ್ಲಿ ತಾಳ ತಪ್ಪಿದರೆ ಬೈಗುಳ ಬೀಳುತ್ತಿತ್ತು. ಇಲ್ಲಿ ತಾಳ ಹಿಡಿದವನೇ ತಪ್ಪಿತಸ್ಥ!

ಇಂಥ ಹಳೆಯ ಬ್ಲೂಸ್ ಹಾಡುಗಾರರೆಲ್ಲ ಒಬ್ಬೊಬ್ಬರೇ ಗಿಟಾರ್ ಹಿಡಿದು ಹಾಡಿ ಬೆಳೆದವರು. ಕಾಯಬೇಕಾದವರು ಯಾರೂ ಇರಲಿಲ್ಲ, ಮಾತು ಮುಗಿದಾಗ ಕಾರ್ಡ್ ಬದಲಾಗುತ್ತಿತ್ತು. ಬ್ಲೂಸ್ ಗಾಯಕ ಜಾನ್ ಲೀ ಹೂಕರ್ ಹಾಡಿದ್ದನ್ನು ಕೇಳಿ ನೋಡಿ, ಗೊತ್ತಾಗುತ್ತದೆ.

ಆಮೇಲೆ ಮಾಡಿದ್ದು ಎರಡು ಕೆಲಸ. ಒಂದು, ಬಾರ್ ಎಣಿಸೋದು ನಿಲ್ಲಿಸಿ ಅವರ ಬಲಗಾಲಿನ ಹಿಮ್ಮಡಿ ನೋಡತೊಡಗಿದೆ. ಕಾರ್ಡ್ ಬದಲಿಸುವ ಮುಂಚೆ ಹಿಮ್ಮಡಿ ಒಂದು ಗಳಿಗೆ ಮೇಲೇ ನಿಲ್ಲುತ್ತದೆ, ಜೊತೆಗೆ ಉಸಿರು ಎಳೆಯುವ ಸದ್ದು. ಇನ್ನೊಂದು, ಅನುಮಾನ ಬಂದಾಗ ಬರೀ ಷಡ್ಜದ ತಂತಿಗಳನ್ನು ಹೆಬ್ಬೆರಳಿನಿಂದ ಮೀಟುತ್ತಾ ಕಾದೆ. ಷಡ್ಜ ಜಿ ಕಾರ್ಡಿನಲ್ಲೂ ಇದೆ, ಸಿ ಕಾರ್ಡಿನಲ್ಲೂ ಇದೆ. ಅವರು ಈ ಎರಡರಲ್ಲಿ ಎಲ್ಲೇ ಇದ್ದರೂ ಅಪಸ್ವರ ಆಗಲ್ಲ, ತಂಬೂರಿ ಬುದ್ಧಿ ಅನ್ನಿ.

ದುಡ್ಡಿನ ವಿಷಯ ಕೇಳಬೇಡಿ. ನಾಲ್ಕು ಜನ ಹಂಚಿಕೊಂಡ ಮೇಲೆ ಪೆಟ್ರೋಲಿಗೂ ಊಟಕ್ಕೂ ಸರಿಹೋಯಿತು.

ಮನೆಗೆ ಬಂದು ಫೋನಿನಲ್ಲಿದ್ದ ರೆಕಾರ್ಡಿಂಗ್ ಹಾಕಿ, ಚಟ ಬಿಡಬೇಕಲ್ಲ, ಆ ಎರಡನೇ ಹಾಡನ್ನು ಎಣಿಸಿದೆ. ಮೊದಲ ಚರಣ 13 ಬಾರ್. ಎರಡನೆಯದು ಹನ್ನೊಂದೂವರೆ. ಮೂರನೆಯದು ಸರಿಯಾಗಿ 12, ಅಲ್ಲಿ ಹಿಮ್ಮಡಿ ನೋಡುತ್ತಾ ನಾನೇ ಅರ್ಧ ಬಾರ್ ತಡವಾಗಿ ಬಂದಿದ್ದೆ.